ವಾಲಿಯ ಮಾತನ್ನ ವಾಲಿಯ ಬಾಯಲ್ಲೇ ಕೇಳುವ: ದೇವರಿಲ್ಲ ಅನ್ನುವ ಪುಸ್ತಕಗಳ ಓದಿನ ಬಗ್ಗೆ

(ಉಡುಪಿಯಲ್ಲಿ ಓದುಗರ ಒಂದು ಕೂಟದಲ್ಲಿ ಮಾತಾಡಿದ್ದು. ರೆಕಾರ್ಡಿಂಗ್ ಕೇಳಿ ಬರೆದದ್ದು, ಮಾತಿನ ಧಾಟಿಯನ್ನ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸೀದಾ ವಿಷಯಕ್ಕೇ ಬರ್ತೇನೆ. ದೇವರನ್ನ ನಂಬುವವ, ದಿನಾ ಸಂಜೆ ದೀಪ ಹಚ್ಚುವವ, ದೇವರಿಲ್ಲ ಅಂತ ವಾದ ಮಾಡುವ ಪುಸ್ತಕವನ್ನ ಯಾಕೆ ಓದ್ಬೇಕು? ನಾನು ನಂಬುವವನೇ, ರಥಬೀದಿಗೆ ಹೋದ್ರೆ ನವಗ್ರಹ ಕಿಂಡಿಯಲ್ಲಿ ಕೃಷ್ಣನನ್ನ ನೋಡದೆ ಬರುವವನಲ್ಲ. ಆದ್ರೂ ಓದ್ಬೇಕು ಅಂತಲೇ ಹೇಳ್ಲಿಕ್ಕೆ ಬಂದದ್ದು. ಪೂರ್ತಿ ಓದ್ಬೇಕು, ಅವರ ಪುಸ್ತಕದಲ್ಲೇ ಓದ್ಬೇಕು, ಅವರ ಬಗ್ಗೆ ನಮ್ಮ ಕಡೆಯವರು ಬರೆದದ್ದನ್ನ ನೋಡಿ ಅವರನ್ನ ಓದಿದ ಹಾಗಾಯ್ತು ಅಂದ್ಕೊಳ್ಬಾರ್ದು.

ಈ ಊರಲ್ಲಿ ಇದನ್ನ ವಿವರಿಸುವುದು ಕಷ್ಟ ಇಲ್ಲ, ಯಾಕಂದ್ರೆ ನಾವು ತಾಳಮದ್ದಳೆ, ಅಂದ್ರೆ ವೇಷ ಕಟ್ಟದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದವರು. ವಾಲಿವಧೆ ಪ್ರಸಂಗ ನೆನಪು ಮಾಡಿಕೊಳ್ಳಿ. ವಾಲಿ ಬಾಣ ತಾಗಿ ಬಿದ್ದಿದ್ದಾನೆ, ರಾಮ ಎದುರು ನಿಂತಿದ್ದಾನೆ, ವಾಲಿ ಕೇಳ್ತಾನೆ, ಮರದ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ, ನಿನಗೂ ನನಗೂ ಎಂತ ವೈರ, ಅಣ್ಣ ತಮ್ಮನ ಜಗಳದಲ್ಲಿ ನೀನು ಯಾರು? ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನ ಕೇಳಿದವರು ಈ ಸಭೆಯಲ್ಲೂ ಇರಬಹುದು. ದೇವಸ್ಥಾನದ ಅಂಗಳದಲ್ಲೇ ನಡೆಯುವ ಕೂಟ, ಕೂತು ಕೇಳುವವರು ರಾಮನಿಗೆ ಕೈಮುಗಿಯುವವರೇ, ಆದ್ರೂ ವಾಲಿ ರಾಮನನ್ನ ಕಟ್ಟಿಹಾಕುವ ಮಾತಾಡಿದಾಗ ಯಾರೂ ಎದ್ದು ಹೋಗುವುದಿಲ್ಲ. ವಾಲಿ ಗಟ್ಟಿ ಮಾತಾಡದಿದ್ರೇ ಬೇಜಾರು. ಇವತ್ತು ವಾಲಿ ಸಪ್ಪೆಯಾಯ್ತು ಮಾರಾಯ್ರೆ ಅಂತ ಹೇಳಿಕೊಂಡು ಮನೆಗೆ ಹೋಗ್ತೇವೆ. ವಾಲಿ ಸಪ್ಪೆಯಾದ್ರೆ ರಾಮನೂ ಸಪ್ಪೆಯೇ ಅಲ್ವಾ, ಉತ್ತರ ಕೊಡ್ಲಿಕ್ಕೆ ಅವನಿಗೆ ಎಂತ ಉಳೀತು? ಇನ್ನೊಂದು ರಾತ್ರಿ, ವಾಲಿಯ ಮಾತಾಡಿದ ಅದೇ ಅರ್ಥಧಾರಿ ರಾಮನ ಅರ್ಥ ಹೇಳ್ತಾರೆ.

ಆದ್ರೆ ಒಂದು ವ್ಯತ್ಯಾಸ ಉಂಟು, ಅದನ್ನ ಮುಚ್ಚಿಡುವುದಿಲ್ಲ. ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯ ಮೊದಲೇ ಬರೆದಾಗಿದೆ, ಹಾಡುವ ಭಾಗವತರು ಮುಂದಿನ ಪದ್ಯ ಎತ್ತಿದ ಕೂಡಲೇ ವಾಲಿ ಒಪ್ಪಲೇ ಬೇಕು, ಅವನಿಗೆ ಮೋಕ್ಷ, ನಮಗೆ ಸಮಾಧಾನ. ಪುಸ್ತಕದಲ್ಲಿ ಆ ಪದ್ಯ ಇಲ್ಲ. ಓದಿ ಮುಗಿಸಿದ ಮೇಲೆ ನಾವು ಎಲ್ಲಿರ್ತೇವೆ ಅನ್ನುವುದಕ್ಕೆ ಯಾರ ಗ್ಯಾರಂಟಿಯೂ ಇಲ್ಲ, ಹೆದರಿಕೆ ಬರುವುದು ಅದಕ್ಕೇ. ಈ ಹೆದರಿಕೆಯನ್ನ ನಾನು ಸಣ್ಣದು ಮಾಡುವುದಿಲ್ಲ. ಸಂಜೆಯ ಭಜನೆ, ನಾಗರ ಪಂಚಮಿಗೆ ನಾಗನಿಗೆ ಎರೆಯುವ ತನು, ವರ್ಷಕ್ಕೊಮ್ಮೆ ಊರಿಗೆ ಬರುವ ದೈವದ ನೇಮ, ಇದ್ರಲ್ಲೆಲ್ಲ ಅಪ್ಪ ಅಮ್ಮ, ನೆಂಟರು, ನೆರೆಕರೆ ಎಲ್ಲ ಸೇರಿಕೊಂಡಿದ್ದಾರೆ. ನಂಬಿಕೆ ಅಲ್ಲಾಡಿದ್ರೆ ಇವರನ್ನೆಲ್ಲ ಕಳಕೊಳ್ತೇನಾ ಅಂತ ಹದಿನೆಂಟು ಇಪ್ಪತ್ತು ವರ್ಷದ ಹುಡುಗ ಹುಡುಗಿಯರಿಗೆ ಅನಿಸುವುದು ತಪ್ಪಲ್ಲ.

ಸರಿ, ಓದದೆ ಬಿಟ್ರೆ ಎಂತ ಆಗ್ತದೆ ಅಂತ ನೋಡುವ, ಯಾಕಂದ್ರೆ ನಮ್ಮ ದೇಶದಲ್ಲಿ ಅದು ಆಗಿ ಹೋಗಿದೆ. ಲೋಕಾಯತರು, ಚಾರ್ವಾಕರು ಅಂತ ಹೇಳ್ತೇವಲ್ಲ, ಪರಲೋಕ ಇಲ್ಲ, ಕಣ್ಣಿಗೆ ಕಂಡದ್ದೇ ಪ್ರಮಾಣ ಅಂದವರು, ಅವರ ಮೂಲ ಸೂತ್ರಗ್ರಂಥ ಇವತ್ತು ನಮ್ಮ ಕೈಯಲ್ಲಿಲ್ಲ. ಅವರ ಮಾತು ನಮಗೆ ಗೊತ್ತಿರುವುದು ಹೆಚ್ಚಿನದ್ದೂ ಅವರನ್ನ ಖಂಡಿಸಿದವರ ಪುಸ್ತಕಗಳಿಂದ. 14ನೇ ಶತಮಾನದ ಮಾಧವಾಚಾರ್ಯರ ಸರ್ವದರ್ಶನ ಸಂಗ್ರಹ ಶುರುವಾಗುವುದೇ ಚಾರ್ವಾಕ ಮತದಿಂದ, ಅದಕ್ಕೆ ನಾವು ಋಣಿಗಳು (ಇವರು ವಿಜಯನಗರದ ಕಾಲದ ಮಾಧವರು, ನಮ್ಮ ಪಾಜಕದ ಮಧ್ವಾಚಾರ್ಯರು ಬೇರೆ). ಆದ್ರೂ ಎದುರಾಳಿ ಬರೆದ ಸಾರಾಂಶ ಎದುರಾಳಿಯದ್ದೇ. ಸಾಲ ಮಾಡಿಯಾದ್ರೂ ತುಪ್ಪ ತಿನ್ನು ಅನ್ನುವ ಒಂದು ಮಾತನ್ನ ಎಲ್ಲರೂ ಹೇಳ್ತಾರೆ, ಅನುಮಾನ ಪ್ರಮಾಣದ, ಅಂದ್ರೆ ಕಂಡದ್ದರಿಂದ ಕಾಣದ್ದನ್ನ ಊಹಿಸುವ ತರ್ಕದ ಬಗ್ಗೆ ಅವರು ಎತ್ತಿದ ಗಂಭೀರ ಪ್ರಶ್ನೆ ಯಾರಿಗೂ ನೆನಪಿಲ್ಲ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರ್ತದೆ ಅಂತ ಹೇಳ್ತೀರಿ, ಎಲ್ಲ ಕಾಲದ ಎಲ್ಲ ಹೊಗೆಯನ್ನ ನೋಡಿದವರು ಯಾರು ಅಂತ ಅವರು ಕೇಳಿದ್ರು, ಯುರೋಪಲ್ಲಿ ಹ್ಯೂಮ್ ಅನ್ನುವ ತತ್ತ್ವಜ್ಞಾನಿ 18ನೇ ಶತಮಾನದಲ್ಲಿ ಕಾರ್ಯಕಾರಣದ ಬಗ್ಗೆ ಕೇಳಿದ್ದು ಇದರ ಹತ್ತಿರದ್ದೇ. ಜಯರಾಶಿ ಭಟ್ಟ ಅನ್ನುವವರ ತತ್ತ್ವೋಪಪ್ಲವಸಿಂಹ ಅಂತ ಒಂದು ಗ್ರಂಥ, ಚಾರ್ವಾಕರಿಗೆ ಹತ್ತಿರದ್ದು ಅಂತ ಬಹಳ ವಿದ್ವಾಂಸರು ಹೇಳುವಂಥದ್ದು, ಅದರ ತಾಳೆಗರಿ 1926ರಲ್ಲಿ ಗುಜರಾತಿನ ಪಾಟಣದಲ್ಲಿ ಸಿಕ್ಕಿ 1940ರಲ್ಲಿ ಅಚ್ಚಾಯ್ತು. ಸಿಕ್ಕಿದ್ದು ಎಲ್ಲಿ ಅಂದ್ರೆ ಜೈನರ ಗ್ರಂಥಭಂಡಾರದಲ್ಲಿ. ಯಾವ ಸಿದ್ಧಾಂತವನ್ನೂ ಒಪ್ಪದ, ಜೈನ ಸಿದ್ಧಾಂತವನ್ನೂ ಖಂಡಿಸದೆ ಬಿಡದ ಆ ಪುಸ್ತಕವನ್ನ ಅವರು ಬಿಸಾಡದೆ ಇಟ್ಟುಕೊಂಡಿದ್ರು ಅನ್ನುವ ಒಂದೇ ಕಾರಣಕ್ಕೆ ಇವತ್ತು ನಾವು ಅದನ್ನ ಓದಬಹುದು.

ಜೈನರ ಮಾತು ಬಂದದ್ದರಿಂದ ಮೂಡುಬಿದಿರೆಗೆ ಬರ್ತೇನೆ, ಮಂಗಳೂರಿನಿಂದ ಬಸ್ಸಲ್ಲಿ ಒಂದು ಗಂಟೆಯ ಚಿಲ್ಲರೆ ದಾರಿ. ಅಲ್ಲಿನ ಬಸದಿಯಲ್ಲಿ ಧವಲಾ, ಜಯಧವಲಾ ಅನ್ನುವ ಜೈನ ಸಿದ್ಧಾಂತದ ಟೀಕೆಗಳ ತಾಳೆಗರಿಗಳು ಶತಮಾನಗಟ್ಟಲೆ ಭದ್ರವಾಗಿ ಉಳಿದವು ಅಂತ ಎಲ್ಲರಿಗೂ ಗೊತ್ತುಂಟು. ಆ ಜಯಧವಲಾ ಟೀಕೆಯನ್ನ ಗುರು ವೀರಸೇನರು ಶುರು ಮಾಡಿದ್ರು, 837ರಲ್ಲಿ ಮುಗಿಸಿದವರು ಶಿಷ್ಯ ಜಿನಸೇನರು. ನಮ್ಮ ನೃಪತುಂಗನಿಗೆ ಗುರುಗಳು. ಇದೇ ಜಿನಸೇನರು ಸಂಸ್ಕೃತದಲ್ಲಿ ಬರೆದ ಆದಿಪುರಾಣ ಓದಿ ಪಂಪ 941ರಲ್ಲಿ ಕನ್ನಡದ ಆದಿಪುರಾಣ ಬರೆದದ್ದು. ಆ ಸಂಸ್ಕೃತ ಆದಿಪುರಾಣದ ನಾಲ್ಕನೇ ಪರ್ವದಲ್ಲಿ ಲೋಕವನ್ನ ಯಾರೋ ಒಬ್ಬ ಸೃಷ್ಟಿ ಮಾಡಿದ ಅನ್ನುವ ಮಾತಿನ ವಿರುದ್ಧ ಒಂದು ವಾದ ಉಂಟು, ಅದರ ಹತ್ತಿರಕ್ಕೆ ಬರುವ ಬರಹ ನಾನು ಇಂಗ್ಲಿಷಲ್ಲಿ ಓದಿದ್ದು ಕಮ್ಮಿ. ಸೃಷ್ಟಿಗಿಂತ ಮೊದಲು ಅವನು ಎಲ್ಲಿದ್ದ? ಸಾಮಗ್ರಿ ಇಲ್ಲದೆ ಹೇಗೆ ಮಾಡಿದ, ಸಾಮಗ್ರಿಯನ್ನ ಮೊದಲು ಮಾಡಿಕೊಂಡ ಅಂದ್ರೆ ಆ ಸಾಮಗ್ರಿಗೆ ಸಾಮಗ್ರಿ ಎಲ್ಲಿಂದ ಬಂತು? ಅವನು ಪರಿಪೂರ್ಣ ಅಂತಾದ್ರೆ ಸೃಷ್ಟಿ ಮಾಡ್ಬೇಕು ಅನ್ನುವ ಬಯಕೆ ಯಾಕೆ ಹುಟ್ಟಿತು, ಪರಿಪೂರ್ಣ ಅಲ್ಲ ಅಂತಾದ್ರೆ ಒಬ್ಬ ಕುಂಬಾರ ಮಾಡ್ಲಿಕ್ಕಾಗದ್ದನ್ನ ಅವನು ಹೇಗೆ ಮಾಡಿದ? ಜೀವಿಗಳ ಮೇಲಿನ ಪ್ರೀತಿಯಿಂದ ಮಾಡಿದ ಅಂದ್ರೆ ಪೂರ್ತಿ ಸುಖದ ಲೋಕವನ್ನೇ ಯಾಕೆ ಮಾಡ್ಲಿಲ್ಲ? ಒಂಬತ್ತನೇ ಶತಮಾನದ, ನಮ್ಮದೇ ನಾಡಿನ ರಾಜಗುರು ಕೇಳಿದ್ದು ಇದು. ಇವರು ನಾಸ್ತಿಕರಾ ಅಂದ್ರೆ ದೊಡ್ಡ ಮುನಿಗಳು, ಸೃಷ್ಟಿಕರ್ತ ಇಲ್ಲದ ಧರ್ಮವನ್ನ ಬಾಳಿದವರು. ಹಾಗಾಗಿ ಇಂಥ ಪ್ರಶ್ನೆಯೆಲ್ಲ ಹೊರಗಿಂದ ಬಂದದ್ದು, ವಿದೇಶದ ಫ್ಯಾಷನ್ ಅಂತ ಯಾರಾದ್ರೂ ವೇದಿಕೆಯಲ್ಲಿ ಹೇಳಿದ್ರೆ ನನಗೆ ನಿಜಕ್ಕೂ ದುಃಖ ಆಗ್ತದೆ. ಮೂಡುಬಿದಿರೆಗೆ ಹೋಗಿ ಸಾವಿರ ಕಂಬದ ಬಸದಿಯ ಫೋಟೋ ತೆಗೆದು ಬರ್ತೇವೆ, ಈ ಪ್ರಶ್ನೆ ಕೇಳಿದ ಮನುಷ್ಯನ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ.

ಈಗ ರಸೆಲ್. ಇಂಗ್ಲೆಂಡಿನ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ 1927ರ ಮಾರ್ಚ್ 6ಕ್ಕೆ ಲಂಡನ್ನಿನ ಬ್ಯಾಟರ್ಸಿ ಟೌನ್ ಹಾಲಲ್ಲಿ ಒಂದು ಉಪನ್ಯಾಸ ಕೊಟ್ಟರು, ನಾನು ಯಾಕೆ ಕ್ರಿಶ್ಚಿಯನ್ ಅಲ್ಲ ಅಂತ. ಸಣ್ಣದು, ಒಂದು ಸಂಜೆಗೆ ಓದಿ ಮುಗಿಯುವಂಥದ್ದು. ದೇವರಿದ್ದಾನೆ ಅನ್ನುವುದಕ್ಕೆ ಕೊಡುವ ಒಂದೊಂದು ವಾದವನ್ನೂ ಎತ್ತಿಕೊಂಡು ಪರೀಕ್ಷೆ ಮಾಡ್ತಾರೆ, ಆಮೇಲೆ ಯೇಸುವಿನ ನಡೆನುಡಿಯ ಬಗ್ಗೆಯೂ ಮಾತಾಡ್ತಾರೆ, ನರಕದ ಬೆದರಿಕೆಯನ್ನ ಒಪ್ಪುವುದಿಲ್ಲ, ಧರ್ಮದ ಬುಡದಲ್ಲಿ ಇರುವುದು ಮುಖ್ಯವಾಗಿ ಭಯ ಅಂತಾರೆ. ಭಾಷೆ ಎಷ್ಟು ತಿಳಿಯಾಗಿದೆ ಅಂದ್ರೆ ಒಪ್ಪದವರೂ ಎಲ್ಲಿ ಒಪ್ಪುವುದಿಲ್ಲ ಅಂತ ಬೆರಳಿಟ್ಟು ತೋರಿಸಬಹುದು, ಬರೆಯುವವರಲ್ಲಿ ಇದಕ್ಕಿಂತ ದೊಡ್ಡ ಪ್ರಾಮಾಣಿಕತೆ ಇಲ್ಲ. ಎಲ್ಲಕ್ಕೂ ಕಾರಣ ದೇವರು ಅಂದ್ರೆ ದೇವರಿಗೆ ಕಾರಣ ಯಾರು ಅನ್ನುವ ಪ್ರಶ್ನೆ ತನಗೆ ಹದಿನೆಂಟನೇ ವಯಸ್ಸಲ್ಲಿ ಜಾನ್ ಸ್ಟುವರ್ಟ್ ಮಿಲ್ಲಿನ ಆತ್ಮಕಥೆಯಿಂದ ಸಿಕ್ಕಿದ್ದು ಅಂತ ಹೇಳ್ತಾರೆ. ಅಲ್ಲೇ ಒಬ್ಬ ಭಾರತೀಯನನ್ನ ತಂದು ನಿಲ್ಲಿಸ್ತಾರೆ. ಭೂಮಿ ಆನೆಯ ಮೇಲೆ, ಆನೆ ಆಮೆಯ ಮೇಲೆ, ಆಮೆ ಯಾವುದರ ಮೇಲೆ ಅಂತ ಕೇಳಿದ್ರೆ ಆ ಭಾರತೀಯ ವಿಷಯ ಬದಲಿಸುವ ಅಂದನಂತೆ. ಸಭೆ ನಕ್ಕಿರಬಹುದು. ಆದ್ರೆ ಮೂಡುಬಿದಿರೆಯ ಪಕ್ಕದಲ್ಲಿ ಹುಟ್ಟಿದ ನಾನು ಅಲ್ಲಿ ನಿಲ್ಲಬೇಕಾಗ್ತದೆ. ಅದೇ ಪ್ರಶ್ನೆಯನ್ನ ಜಿನಸೇನರು ಸಾವಿರ ವರ್ಷ ಹಿಂದೆ ಕೇಳಿದ್ದಾರೆ, ನಮ್ಮ ತಾರ್ಕಿಕರು ಅನವಸ್ಥಾ ದೋಷ, ಅಂದ್ರೆ ಕೊನೆಯೇ ಇಲ್ಲದೆ ಹಿಂದೆ ಹಿಂದೆ ಹೋಗುವ ದೋಷ ಅಂತ ಅದಕ್ಕೆ ಹೆಸರಿಟ್ಟು ತಲೆಮಾರುಗಟ್ಟಲೆ ವಾದ ಮಾಡಿದ್ದಾರೆ, ವಿಷಯ ಬದಲಿಸಿದವರಲ್ಲ. ಎದುರಾಳಿಯನ್ನ ಅವನ ಪುಸ್ತಕದಲ್ಲಿ ಓದದೆ ಇದ್ರೆ ರಸೆಲ್‌ನಂಥ ಬುದ್ಧಿವಂತನ ಮಾತೂ ಅಲ್ಲಿ ತೆಳ್ಳಗಾಗ್ತದೆ. ಈ ಕಾರಣಕ್ಕೆ ರಸೆಲ್ ಬೇಡ ಅಂತಲ್ಲ, ಓದಿ, ಆ ಜಾಗದಲ್ಲಿ ಪೆನ್ಸಿಲಲ್ಲಿ ಗುರುತು ಹಾಕಿ, ಮುಂದೆ ಓದಿ.

ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಅವರ 2006ರ ಪುಸ್ತಕ, ದ ಗಾಡ್ ಡೆಲ್ಯೂಷನ್, ಕಾಲೇಜು ಹುಡುಗರು ಹೆಚ್ಚು ಓದುವುದು ಅದನ್ನೇ. ಜೀವವಿಕಾಸದ ಬಗ್ಗೆ ಬರೆಯುವಾಗ ಅವರು ಬಹಳ ಗಟ್ಟಿ, ಧರ್ಮಶಾಸ್ತ್ರದ ವಿಷಯಕ್ಕೆ ಬಂದಾಗ ಅವಸರ, ಅದೇ ವರ್ಷ ವಿಮರ್ಶಕ ಟೆರಿ ಈಗಲ್ಟನ್ ಅದನ್ನ ಕಟುವಾಗಿ ಬರೆದಿದ್ದಾರೆ, ಎರಡನ್ನೂ ಒಟ್ಟಿಗೆ ಓದಿ. ಆದ್ರೆ ಡಾಕಿನ್ಸ್ ಹೇಳುವ ಒಂದು ಮಾತು ನಮ್ಮ ಜಿಲ್ಲೆಯವರು ಕೇಳಲೇ ಬೇಕಾದ್ದು. ಸಣ್ಣ ಮಗುವಿಗೆ ಕ್ಯಾಥೊಲಿಕ್ ಮಗು, ಮುಸ್ಲಿಂ ಮಗು ಅಂತ ಹಣೆಪಟ್ಟಿ ಹಚ್ಚುವುದು ಸರಿಯಾ, ಅದು ಆ ತಂದೆತಾಯಿಯ ಮಗು ಅಷ್ಟೇ ಅಲ್ವಾ ಅಂತ. ನಮ್ಮಲ್ಲಿ ಬಸ್ಸಲ್ಲಿ ಯಾರ ಪಕ್ಕ ಯಾರು ಕೂತ್ರು ಅಂತ ಕೇಳುವಷ್ಟರ ಮಟ್ಟಿಗೆ ಈ ಹಣೆಪಟ್ಟಿ ಬೆಳೆದಿದೆ. ಆ ಅಧ್ಯಾಯ ಓದುವಾಗ ನನಗೆ ಲಂಡನ್ ನೆನಪಾಗ್ಲಿಲ್ಲ.

ಇದಕ್ಕೇ ಸೇರಿದ ಇನ್ನೊಂದು ಮಾತು, ಇದನ್ನ ಸ್ವಲ್ಪ ಕಠಿಣವಾಗಿಯೇ ಹೇಳ್ತೇನೆ. ಬೇರೆಯವರ ಧರ್ಮದ ವಿರುದ್ಧ ಬರೆದ ಪುಟಗಳನ್ನ ಓದಿ ಖುಷಿಪಡುವುದು ಇವತ್ತು ಕರಾವಳಿಯಲ್ಲಿ ಬಹಳ ಆಗಿದೆ. ನಾಸ್ತಿಕರ ಪುಸ್ತಕದಿಂದ ಇಸ್ಲಾಮಿನ ಬಗ್ಗೆ ಇರುವ ಎರಡು ಪ್ಯಾರಾ ಕಿತ್ತು ವಾಟ್ಸಾಪಲ್ಲಿ ಹಂಚುವುದು, ಆಚೆಯವರು ಜಾತಿಯ ಬಗ್ಗೆ ಇರುವ ಎರಡು ಪ್ಯಾರಾ ಕಿತ್ತು ಹಂಚುವುದು. ಅದೇ ಪುಸ್ತಕದ ಉಳಿದ ಪುಟಗಳು ತನ್ನ ಬಾಗಿಲಿಗೂ ಬಂದು ನಿಂತಿವೆ ಅಂತ ನೋಡುವುದೇ ಇಲ್ಲ. ಇದು ಹೊಸತಲ್ಲ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಕನ್ನಡಕ್ಕೆ ಅಚ್ಚುಕೂಟ ಕೊಟ್ಟರು, 1843ರಲ್ಲಿ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಕೊಟ್ಟರು, ಆ ಉಪಕಾರ ದೊಡ್ಡದು, ಅದರ ಒಟ್ಟಿಗೇ ಇಲ್ಲಿಯ ಪೂಜೆ, ಭೂತಾರಾಧನೆಯನ್ನ ಟೀಕಿಸುವ ಕಿರುಪುಸ್ತಕಗಳೂ ಬಂದವು, ಭೂತದ ಕಾರಣಿಕಕ್ಕೆ, ಅಂದ್ರೆ ಮಹಿಮೆಗೆ, ಕೇಳಿದ ಪ್ರಶ್ನೆಯನ್ನ ಬೈಬಲ್ಲಿನ ಪವಾಡಕ್ಕೆ ಅವರು ಕೇಳ್ಲಿಲ್ಲ. ನನ್ನ ಮಟ್ಟಿಗೆ ಪರೀಕ್ಷೆ ಇಷ್ಟೇ, ಓದುವಾಗ ನನಗೆ ಎಲ್ಲಾದ್ರೂ ಚುಚ್ಚಿತಾ? ಚುಚ್ಚದಿದ್ರೆ ನನ್ನ ಬಗ್ಗೆ ಇರುವ ಪುಟ ಇನ್ನೂ ಬಂದಿಲ್ಲ ಅಂತ ಅರ್ಥ.

ಈಗ ತುಳುನಾಡಿನ ವಿಷಯ, ಇದ್ರಲ್ಲಿ ನನಗೆ ಹೇಳ್ಲಿಕ್ಕೆ ಜಾಸ್ತಿ ಉಂಟು. ಪಶ್ಚಿಮದ ಪುಸ್ತಕಗಳು ಯಾವ ದೇವರ ವಿರುದ್ಧ ವಾದ ಮಾಡ್ತವೆ? ಒಬ್ಬನೇ, ಸರ್ವಶಕ್ತ, ಪರಮ ಕರುಣಾಳು, ಲೋಕ ಸೃಷ್ಟಿ ಮಾಡಿದವ. ನಮ್ಮ ದೈವ ಕೊರಗಜ್ಜನ ಕಟ್ಟೆಯಲ್ಲಿ ಚಕ್ಕುಲಿ, ಬೀಡಾ, ಶೇಂದಿ ಇಡುವವ ಲೋಕ ಯಾರು ಮಾಡಿದ್ದು ಅಂತ ಕೇಳ್ಲಿಕ್ಕೆ ಹೋದದ್ದಲ್ಲ, ಅವನ ಕರಿಮಣಿಯೋ ದನವೋ ಕಳೆದಿದೆ, ಸಿಗ್ಬೇಕು. ಅಲ್ಲಿ ಸೃಷ್ಟಿಕರ್ತನ ವಿರುದ್ಧದ ವಾದ ತಾಗುವುದೇ ಇಲ್ಲ. ಹಾಗಂತ ಯಾವ ಪ್ರಶ್ನೆಯೂ ತಾಗುವುದಿಲ್ಲ ಅಂತ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಹ್ಯೂಮ್ 1748ರಲ್ಲಿ ಪವಾಡಗಳ ಬಗ್ಗೆ ಬರೆದದ್ದು ಇಲ್ಲಿಗೆ ಸೀದಾ ಬರ್ತದೆ, ಸಾಕ್ಷಿ ಹೇಳುವವ ತಪ್ಪುವ ಸಾಧ್ಯತೆ ಹೆಚ್ಚಾ, ಆ ಘಟನೆ ನಡೆದಿರುವ ಸಾಧ್ಯತೆ ಹೆಚ್ಚಾ ಅಂತ ತೂಗಿ ನೋಡಿ ಅಂತಾನೆ. ಹರಕೆ ಹೇಳಿ ಸಿಕ್ಕಿದವರು ಎಲ್ಲರಿಗೂ ಹೇಳ್ತಾರೆ, ಸಿಗದವರು ಸುಮ್ಮನಿರ್ತಾರೆ, ಹಾಗಾಗಿ ನಮ್ಮ ಕಿವಿಗೆ ಬೀಳುವುದು ಸಿಕ್ಕಿದ ಕಥೆ ಮಾತ್ರ. ಇದನ್ನ ನಂಬುವವನಾದ ನಾನು ಒಪ್ಪಿಕೊಳ್ಬೇಕು. ಇನ್ನೊಂದು ಕಡೆ, ಹ್ಯೂಮ್‌ಗೆ ಕಾಣದ್ದೂ ಒಂದುಂಟು. ಕೊರಗಜ್ಜ ಕೊರಗರ ಹುಡುಗ, ಕೋಟಿ ಚೆನ್ನಯರು ಅನ್ಯಾಯದ ವಿರುದ್ಧ ನಿಂತ ಬಿಲ್ಲವ ಅವಳಿಗಳು, ತುಳುವಿನ ಕಥನಗೀತೆ ಪಾಡ್ದನದಲ್ಲಿ ಬರುವ ಕಲ್ಕುಡ ಕಾರ್ಕಳದ ಗೊಮ್ಮಟನನ್ನ ಕೆತ್ತಿದ ಮೇಲೆ ಅರಸನಿಂದ ಕೈಕಾಲು ಕಡಿಸಿಕೊಂಡ ಶಿಲ್ಪಿ. ನೊಂದು ಹೋದವರು ದೈವವಾಗಿ ಬಂದು ನ್ಯಾಯ ಕೇಳ್ತಾರೆ. ನಿಜವಾ ಸುಳ್ಳಾ ಅಂತ ಮಾತ್ರ ಕೇಳಿದ್ರೆ ಈ ನೆನಪು ಪ್ರಶ್ನೆಯ ಹೊರಗೇ ಉಳೀತದೆ.

ಅಂಬೇಡ್ಕರ್ ಪ್ರಶ್ನೆ ಮಾತ್ರ ಹೊರಗೆ ಉಳಿಯುವುದಿಲ್ಲ, ನೇರ ಅಂಗಳಕ್ಕೇ ಬರ್ತದೆ. ಜಾತಿ ವಿನಾಶದ ಆ ಭಾಷಣವನ್ನ ಅವರು 1936ರಲ್ಲಿ ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲಕ್ಕೆ ಬರೆದದ್ದು, ಕರೆದವರೇ ಓದಿ ಹೆದರಿ ಸಮ್ಮೇಳನ ಕೈಬಿಟ್ಟರು, ಅಂಬೇಡ್ಕರ್ ತನ್ನ ದುಡ್ಡಲ್ಲಿ ಅಚ್ಚು ಹಾಕಿಸಿದ್ರು. ಸಹಪಂಕ್ತಿ ಭೋಜನ, ಅಂತರ್ಜಾತಿ ಮದುವೆ ಇಷ್ಟೇ ಸಾಲದು, ಶಾಸ್ತ್ರ ಪವಿತ್ರ ಅನ್ನುವ ನಂಬಿಕೆಯನ್ನೇ ಬಿಡ್ಬೇಕು ಅಂದ್ರು. ಧರ್ಮವೇ ಬೇಡ ಅಂತ ಅವರು ಹೇಳ್ಲಿಲ್ಲ, ನಿಯಮಗಳ ಕಟ್ಟು ಹೋಗಿ ತತ್ತ್ವದ ಧರ್ಮ ಬೇಕು ಅಂದ್ರು, ಅದನ್ನೂ ಓದಿ. ಅವರ ಪುಸ್ತಕ ಓದಿದ ಮೇಲೆ ನೇಮದ ಅಂಗಳದಲ್ಲಿ ನಿಂತ್ರೆ ಒಂದು ಪ್ರಶ್ನೆ ಬಿಡುವುದಿಲ್ಲ. ದೈವ ಕಟ್ಟುವ ಜಾತಿಯವರಾದ ನಲಿಕೆಯವರು, ಪಂಬದರು, ಪರವರು ದೈವ ಕಟ್ಟಿ ನಿಂತಾಗ ಗುತ್ತಿನ, ಅಂದ್ರೆ ಊರಿನ ದೊಡ್ಡ ಮನೆಯ, ಯಜಮಾನ ಕೈಮುಗಿದು ತಲೆತಗ್ಗಿಸ್ತಾನೆ, ಬೆನ್ನಿನ ಅಲಂಕಾರದ ಅಣಿ ಬಿಚ್ಚಿ ಬಣ್ಣ ತೊಳೆದ ಮೇಲೆ ಅದೇ ಮನುಷ್ಯನಿಗೆ ಊಟ ಎಲ್ಲಿ ಬಡಿಸ್ತಾರೆ? ಇದಕ್ಕೆ ಉತ್ತರ ಕೊಡ್ಬೇಕಾದವರು ನಂಬುವವರೇ, ನಾಸ್ತಿಕರಲ್ಲ. ನನ್ನ ಭಕ್ತಿಯನ್ನ ಅಲ್ಲಾಡಿಸಿದ ಪುಸ್ತಕ ಯಾವುದು ಅಂದ್ರೆ ರಸೆಲ್ ಅಲ್ಲ, ಡಾಕಿನ್ಸ್ ಅಲ್ಲ, ಇದು.

ಭಗತ್ ಸಿಂಗ್ ಬರೆದ ನಾನೇಕೆ ನಾಸ್ತಿಕ ಅನ್ನುವ ಲೇಖನ, 1930ರಲ್ಲಿ ಲಾಹೋರ್ ಜೈಲಲ್ಲಿ ಬರೆದದ್ದು. ಅಹಂಕಾರದಿಂದ ದೇವರನ್ನ ಬಿಟ್ಟಿದ್ದೀ ಅಂತ ಹೇಳಿದವರಿಗೆ ಕೊಟ್ಟ ಉತ್ತರ ಅದು. ನನ್ನನ್ನ ತಟ್ಟಿದ್ದು ಅವನ ವಾದಕ್ಕಿಂತ ಹೆಚ್ಚು ಅವನ ನ್ಯಾಯ. ನಂಬಿಕೆ ಕಷ್ಟವನ್ನ ಹಗುರ ಮಾಡ್ತದೆ, ದೇವರಲ್ಲಿ ಮನುಷ್ಯನಿಗೆ ದೊಡ್ಡ ಆಸರೆ ಸಿಗ್ತದೆ ಅಂತ ಅವನೇ ಬರೀತಾನೆ. ಹಿಂದೂ ಆದವನಿಗೆ ಇನ್ನೊಂದು ಜನ್ಮದ ಆಸೆ ಉಂಟು, ಮುಸಲ್ಮಾನನಿಗೆ ಕ್ರಿಶ್ಚಿಯನ್ನನಿಗೆ ಸ್ವರ್ಗದ ಕನಸುಂಟು, ತನಗೆ ಹಗ್ಗ ಬಿಗಿದು ಕಾಲಡಿಯ ಹಲಗೆ ತೆಗೆದ ಕ್ಷಣವೇ ಕೊನೆ ಅಂತ ಗೊತ್ತಿದ್ದೂ ಬರೀತಾನೆ. 1931ರ ಮಾರ್ಚ್ 23ಕ್ಕೆ ಗಲ್ಲು, ವಯಸ್ಸು 23. ಅವನ ಫೋಟೋವನ್ನ ಎಲ್ಲ ಸಂಘಟನೆಯವರೂ ಬ್ಯಾನರಿಗೆ ಹಾಕ್ತಾರೆ, ಈ ಲೇಖನ ಓದಿ ಆಮೇಲೆ ಹಾಕಿ ಅಂತ ನನ್ನ ಪ್ರಾರ್ಥನೆ.

ಕನ್ನಡದಲ್ಲಿ ಎ.ಎನ್. ಮೂರ್ತಿರಾಯರ ದೇವರು. 1900ರಲ್ಲಿ ಹುಟ್ಟಿದವರು ತೊಂಬತ್ತು ದಾಟಿದ ಮೇಲೆ ಪ್ರಕಟಿಸಿದ ಪುಸ್ತಕ. ಆ ವಯಸ್ಸಲ್ಲಿ ಹೆಚ್ಚಿನವರು ಮೊದಲು ಬಿಟ್ಟದ್ದನ್ನೆಲ್ಲ ಹಿಡ್ಕೊಳ್ತಾರೆ, ಅವರು ಕೂತು ಸಾವಧಾನವಾಗಿ ತನಗೆ ಯಾಕೆ ನಂಬಿಕೆ ಇಲ್ಲ ಅಂತ ಬರೆದ್ರು. ಹಗಲುಗನಸುಗಳು ಬರೆದ ಅದೇ ಕೈ, ನಂಬುವವನನ್ನ ಪೆದ್ದ ಅನ್ನದೆ ಎದುರು ಕೂರಿಸಿಕೊಂಡು ಮಾತಾಡುವ ಕೈ. ಕೋಟದ ನಮ್ಮ ಕಾರಂತರ ಮೂಕಜ್ಜಿಯನ್ನ ಇಲ್ಲಿ ಎಲ್ಲರೂ ಓದಿದ್ದೀರಿ, ಅಜ್ಜಿಯ ಬಾಯಲ್ಲಿ ದೇವರ ಬಗ್ಗೆ ಎಂಥೆಂಥ ಮಾತು ಬರ್ತದೆ ಅಂತ ನೆನಪುಂಟಲ್ಲ, ಅದನ್ನ ಒಪ್ಪಿದವರಿಗೆ ಮೂರ್ತಿರಾಯರು ಕಷ್ಟ ಆಗ್ಲಿಕ್ಕಿಲ್ಲ.

ನಂಬಿಕೆ ಅಲ್ಲಾಡಿಸುವುದು ನಾಸ್ತಿಕರ ಪುಸ್ತಕ ಮಾತ್ರ ಅಂತ ಅಂದ್ಕೊಳ್ಬೇಡಿ. ಗಾಂಧೀಜಿ ಆತ್ಮಕಥೆಯಲ್ಲಿ ಹೇಳ್ತಾರೆ, ಹುಡುಗನಾಗಿದ್ದಾಗ ತನ್ನನ್ನ ಸ್ವಲ್ಪ ನಾಸ್ತಿಕತೆಯ ಕಡೆ ದೂಡಿದ್ದು ಮನುಸ್ಮೃತಿ ಅಂತ!

ಇನ್ನು ನಂಬುವವರ ಕಡೆಯ ಗಟ್ಟಿ ಪುಸ್ತಕ. ನಾಸ್ತಿಕ ಗೆಳೆಯರಿಗೆ ನಾನು ಹೇಳುವುದು ಉದಯನಾಚಾರ್ಯರನ್ನ ಓದಿ ಅಂತ, ಸಾವಿರ ವರ್ಷದ ಆಸುಪಾಸಿನ ನ್ಯಾಯಕುಸುಮಾಂಜಲಿ. ಐದು ಸ್ತಬಕ, ಅಂದ್ರೆ ಅಧ್ಯಾಯ, ಒಂದೊಂದರಲ್ಲೂ ಈಶ್ವರ ಇಲ್ಲ ಅನ್ನುವವರ ಒಂದೊಂದು ಆಕ್ಷೇಪ ಎತ್ತಿಕೊಂಡು ಉತ್ತರ. ಕೊನೆಗೆ ಒಂದು ಪ್ರಾರ್ಥನೆ ಉಂಟು, ಇಷ್ಟೆಲ್ಲ ಶ್ರುತಿ ಯುಕ್ತಿಯ ನೀರಲ್ಲಿ ತೊಳೆದ್ರೂ ನಿನಗೆ ಜಾಗ ಕೊಡದ ಮನಸ್ಸು ಕಲ್ಲಿನಂಥದ್ದು, ಆದ್ರೂ ವಿರೋಧ ಮಾಡ್ತಾ ಮಾಡ್ತಾ ಅವರೂ ನಿನ್ನನ್ನೇ ತೀವ್ರವಾಗಿ ಚಿಂತಿಸಿದವರು, ಕಾಲ ಬಂದಾಗ ನೀನೇ ಕರುಣೆಯಿಂದ ಅವರನ್ನ ನೋಡಿಕೋ ಅಂತ. ಎದುರಾಳಿಯನ್ನ ಪೂರ್ತಿ ಓದಿದವನಿಗೆ ಮಾ‌ತ್ರ ಹೀಗೆ ಬೇಡಿಕೊಳ್ಳುವ ಮನಸ್ಸು ಬರ್ತದೆ. ಮುಸ್ಲಿಂ ಗೆಳೆಯರಿಗೆ ಗಜಾಲಿ ಗೊತ್ತಿರ್ತಾರೆ, ತತ್ತ್ವಜ್ಞಾನಿಗಳನ್ನ ಖಂಡಿಸುವ ಮೊದಲು ಅವರ ಮತ ಏನು ಅಂತಲೇ ಒಂದು ಪ್ರತ್ಯೇಕ ಪುಸ್ತಕ ಬರೆದ್ರು, ಅದು ಎಷ್ಟು ನ್ಯಾಯವಾಗಿತ್ತು ಅಂದ್ರೆ ಲ್ಯಾಟಿನಲ್ಲಿ ಓದಿದ ಯುರೋಪಿನವರು ಗಜಾಲಿಯೇ ಆ ಪಂಥದವರು ಅಂತ ತಿಳ್ಕೊಂಡ್ರು. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನ ಪ್ರತಿಷ್ಠೆ ಮಾಡಿದ ನಾರಾಯಣ ಗುರುಗಳು 1924ರಲ್ಲಿ ಆಲುವಾದಲ್ಲಿ ಸರ್ವಮತ ಸಮ್ಮೇಳನ ಕರೆದಾಗ ಬಾಗಿಲಲ್ಲಿ ಬರೆಸಿದ್ದು, ವಾದಿಸಿ ಗೆಲ್ಲಲಿಕ್ಕಲ್ಲ, ತಿಳಿಯಲಿಕ್ಕೆ ಮತ್ತು ತಿಳಿಸಲಿಕ್ಕೆ ಅಂತ. ಅವರ ಶಿಷ್ಯ ಸಹೋದರನ್ ಅಯ್ಯಪ್ಪನ್ ಗುರುವಿನ ಒಂದೇ ಜಾತಿ, ಒಂದೇ ಮತ, ಒಂದೇ ದೇವರು ಅನ್ನುವ ಮಾತನ್ನೇ ತಿರುಗಿಸಿ ಜಾತಿ ಬೇಡ, ಮತ ಬೇಡ, ದೇವರು ಬೇಡ ಅಂದವರು. ಆದ್ರೂ ಅವರು ಗುರುವಿನ ಶಿಷ್ಯರಾಗಿಯೇ ಉಳಿದ್ರು.

ಮಾತು ಮುಗಿದ ಮೇಲೆ ಒಬ್ಬರು ಅಮ್ಮ ಎದ್ದು ಕೇಳಿದ್ರು, ಮಗಳು ಹಾಸ್ಟೆಲಲ್ಲಿ ಎಂತದೋ ಪುಸ್ತಕ ಓದಿ ಭಜನೆಗೆ ಬರುವುದನ್ನೇ ಬಿಟ್ಟಿದ್ದಾಳೆ, ಎಂತ ಮಾಡುವುದು ಅಂತ. ಪುಸ್ತಕದ ಹೆಸರೆಂತ ಅಮ್ಮಾ ಅಂತ ಕೇಳಿದೆ, ಅವರಿಗೆ ಗೊತ್ತಿರ್ಲಿಲ್ಲ. ಅದನ್ನ ಅವಳ ಹತ್ರವೇ ಕೇಳಿ ತಗೊಂಡು ಓದಿ ಅಂದೆ, ಓದಿ ಎಲ್ಲಿ ಒಪ್ತೀರಿ ಎಲ್ಲಿ ಒಪ್ಪುವುದಿಲ್ಲ ಅಂತ ಅವಳ ಹತ್ರ ಮಾತಾಡಿ, ಭಟ್ಟರನ್ನೋ ಮಾವನನ್ನೋ ಮಧ್ಯಸ್ಥಿಕೆಗೆ ಕರೀಬೇಡಿ. ಭಜನೆಗೆ ಕರೆಯುವುದನ್ನ ನಿಲ್ಲಿಸ್ಬೇಡಿ, ಬರದಿದ್ರೆ ಮುಖ ಸಣ್ಣ ಮಾಡ್ಬೇಡಿ. ಅವಳು ವಾಪಸ್ ನಂಬಬಹುದು, ನಂಬದೆಯೂ ಇರಬಹುದು, ಎರಡರಲ್ಲೂ ಅವಳು ನಿಮ್ಮ ಮಗಳೇ. ಇಂಗ್ಲಿಷ್ ಓದ್ಲಿಕ್ಕೆ ಬರುವುದಿಲ್ಲ ಅಂದ್ರು ಅವರು. ಹಾಗಾದ್ರೆ ಮೂರ್ತಿರಾಯರನ್ನ ನೀವು ಓದಿ, ಅವಳ ಪುಸ್ತಕವನ್ನ ದಿನಕ್ಕೆ ನಾಲ್ಕು ಪುಟದ ಹಾಗೆ ಕನ್ನಡದಲ್ಲಿ ಹೇಳ್ಲಿಕ್ಕೆ ಅವಳಿಗೇ ಹೇಳಿ ಅಂದೆ.